ಹಳೆಯ ಮೋಟಾರ್ ದೋಣಿಗೆ ಮನೆಯಲ್ಲೇ ರಿಪೇರಿ: ಯಾವ ಸಲಹೆ ನಂಬಬಹುದು, ಯಾವುದು ಅಳಿವೆಯಲ್ಲಿ ಕೈಕೊಡುತ್ತದೆ?

"ಆಯಿಲ್ ಸ್ವಲ್ಪ ಜಾಸ್ತಿ ಹಾಕಿ, ಇಂಜಿನ್ ಹೆಚ್ಚು ಬಾಳುತ್ತೆ." "ದೊಡ್ಡ ಫ್ಯಾನ್ ಹಾಕಿದ್ರೆ ದೋಣಿ ಓಡುತ್ತೆ." "ಬಾತ್‌ರೂಮ್ ಆಸಿಡ್ ಹಾಕಿ ತೊಳೆದ್ರೆ ಇಂಜಿನ್ ಒಳಗಿನ ಉಪ್ಪು ಎಲ್ಲ ಹೋಗುತ್ತೆ." ಹಳೆಯ ಇಂಜಿನ್ ಇಟ್ಟುಕೊಂಡವರಿಗೆ ಇಂಥ ಸಲಹೆಗಳು ದಡದಲ್ಲೂ ಸಿಗುತ್ತವೆ, ಫೋನಿನಲ್ಲೂ ಬರುತ್ತವೆ. ಹೇಳುವವರ ಉದ್ದೇಶ ಒಳ್ಳೆಯದೇ. ಹೊಸ ಔಟ್‌ಬೋರ್ಡ್ ಇಂಜಿನ್‌ಗೆ ಲಕ್ಷಗಟ್ಟಲೆ ದುಡ್ಡು ಬೇಕು. ಇದ್ದ ಇಂಜಿನ್ ಇನ್ನೂ ನಾಲ್ಕು ವರ್ಷ ಓಡಲಿ ಎಂದು ಯಾರಿಗೆ ಅನಿಸುವುದಿಲ್ಲ?

ಹಳೆಯ ದೋಣಿಯ ಎಷ್ಟೋ ಕೆಲಸಗಳನ್ನು ಮಾಲೀಕರೇ ಚೆನ್ನಾಗಿ ಮಾಡಿಕೊಳ್ಳಬಹುದು. ಆದರೆ ಬೈಕ್, ಕಾರಿಗೆ ಹೊಂದುವ ಉಪಾಯಗಳು ಎಷ್ಟೋ ಸಲ ದೋಣಿಗೆ ಹೊಂದುವುದಿಲ್ಲ. ಕೆಲವು ಇಂಜಿನ್ ಹಾಳುಮಾಡುತ್ತವೆ, ಕೆಲವು ಜೀವ ತೆಗೆಯುತ್ತವೆ. ಇಂಥ ಒಂಬತ್ತು ಮಾತುಗಳನ್ನು ನಾವು ಇಲ್ಲಿ ಒಂದೊಂದಾಗಿ ನೋಡೋಣ.

ಓದಲು ಸಮಯವಿಲ್ಲದವರಿಗೆ

- ನೀರಿಲ್ಲದೆ ಇಂಜಿನ್ ಚಾಲೂ ಮಾಡಬೇಡಿ, ಒಂದು ನಿಮಿಷಕ್ಕೂ ಬೇಡ.
- ಉಪ್ಪುನೀರಿನಿಂದ ಬಂದ ಮೇಲೆ ಪ್ರತಿ ಸಲ ಸಿಹಿನೀರಿನಲ್ಲಿ ಇಂಜಿನ್ ತೊಳೆಯಿರಿ.
- ಬೈಕಿನ 2ಟಿ ಆಯಿಲ್ ಬೇಡ. ಹೇಳಿದ್ದಕ್ಕಿಂತ ಹೆಚ್ಚು ಆಯಿಲ್ ಕೂಡ ಬೇಡ.
- ಜಿಂಕ್ ತುಂಡಿಗೆ ಪೇಂಟ್ ಬಳಿಯಬೇಡಿ.
- ಪೆಟ್ರೋಲ್ ಇಂಜಿನ್ ದೋಣಿಯ ಒಳಗೆ ಇದ್ದರೆ ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್ ಹಾಕಬೇಡಿ.
- ಫೈಬರ್ ಕೆಲಸದಲ್ಲಿ ಕೋಬಾಲ್ಟ್ ಮತ್ತು ಕ್ಯಾಟಲಿಸ್ಟ್ ಎರಡನ್ನೂ ನೇರವಾಗಿ ಬೆರೆಸಬೇಡಿ. ಸ್ಫೋಟವಾಗಬಹುದು.

ದೋಣಿ ಏಕೆ ಬೈಕ್ ಅಲ್ಲ?

ಬೈಕಿನ ಇಂಜಿನ್ ಗಾಳಿಯಲ್ಲಿ ತಣಿಯುತ್ತದೆ. ಔಟ್‌ಬೋರ್ಡ್ ಇಂಜಿನ್ ಹೊರಗಿನ ನೀರನ್ನೇ ಎಳೆದುಕೊಂಡು ತಣಿಯುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಂದರೆ ಇಂಜಿನ್ ಓಡುವಷ್ಟು ಹೊತ್ತೂ ಅದರ ನರನಾಡಿಗಳಲ್ಲಿ ಉಪ್ಪುನೀರು ಹರಿಯುತ್ತಲೇ ಇರುತ್ತದೆ.

ಎರಡನೆಯದು, ದೋಣಿಯ ಆಕಾರ ಬಟ್ಟಲಿನದು. ಕಾರಿನಲ್ಲಿ ಪೆಟ್ರೋಲ್ ಸೋರಿದರೆ ನೆಲಕ್ಕೆ ಬೀಳುತ್ತದೆ, ಆವಿ ಗಾಳಿಗೆ ಹೋಗುತ್ತದೆ. ದೋಣಿಯಲ್ಲಿ ಎರಡೂ ತಳದಲ್ಲೇ ಕೂರುತ್ತವೆ.

ಮೂರನೆಯದು, ಕೆಟ್ಟು ನಿಲ್ಲುವ ಜಾಗ. ಬೈಕ್ ನಿಂತರೆ ರಸ್ತೆಯ ಪಕ್ಕಕ್ಕೆ ತಳ್ಳಿಕೊಂಡು ಹೋಗಬಹುದು. ನಮ್ಮ ಕರಾವಳಿಯಲ್ಲಿ ಹೆಚ್ಚಿನ ಸಣ್ಣ ದೋಣಿಗಳು ನದಿಯಿಂದ ಸಮುದ್ರಕ್ಕೆ ಹೋಗಲು ಅಳಿವೆ ದಾಟಬೇಕು. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ, ಗಂಗೊಳ್ಳಿಯಲ್ಲಿ ಪಂಚಗಂಗಾವಳಿ, ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ನದಿಗಳು ಸಮುದ್ರ ಸೇರುವ ಜಾಗಗಳು ಇಂಥವು. ಅಳಿವೆಯಲ್ಲಿ ಮರಳಿನ ದಿಬ್ಬದ ಮೇಲೆ ಅಲೆ ಒಡೆಯುತ್ತದೆ. ಅಲ್ಲಿ ಇಂಜಿನ್ ನಿಂತರೆ ದೋಣಿ ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ದೋಣಿಯನ್ನು ಮಗುಚಲು ಒಂದು ಅಲೆ ಸಾಕು.

ಹಾಗಾಗಿ ದೋಣಿಯ ಸಲಹೆ ಯಾವುದೇ ಇರಲಿ, ಇದರಿಂದ ಎಷ್ಟು ಉಳಿಯುತ್ತದೆ ಎನ್ನುವುದಕ್ಕಿಂತ ಮೊದಲು, ಇದು ಕೆಟ್ಟರೆ ಎಲ್ಲಿ ಕೆಡುತ್ತದೆ ಎಂದು ಕೇಳಬೇಕು.

ಮಾತು 1: "ಇಂಜಿನ್‌ನಿಂದ ನೀರು ಚಿಮ್ಮುತ್ತಿದ್ದರೆ ಎಲ್ಲ ಸರಿ ಇದೆ"

ಅರ್ಧ ನಿಜ.

ಔಟ್‌ಬೋರ್ಡ್ ಇಂಜಿನ್‌ನ ಹಿಂಭಾಗದಿಂದ ಸಣ್ಣ ಧಾರೆಯಾಗಿ ನೀರು ಚಿಮ್ಮುವುದನ್ನು ಎಲ್ಲರೂ ನೋಡುತ್ತಾರೆ. ಕೆಳಗಿರುವ ನೀರಿನ ಪಂಪ್ ತಿರುಗುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಎಷ್ಟೋ ಇಂಜಿನ್‌ಗಳಲ್ಲಿ ಈ ಧಾರೆಗೆ ಬೇರೆಯದೇ ಕವಲು ಇರುತ್ತದೆ. ಅದು ಹರಿಯುತ್ತಿದ್ದರೂ ಸಿಲಿಂಡರ್ ಸುತ್ತಲಿನ ದಾರಿಯಲ್ಲಿ ಉಪ್ಪು ಕಟ್ಟಿರಬಹುದು, ಥರ್ಮೋಸ್ಟಾಟ್ ಅಂಟಿಕೊಂಡಿರಬಹುದು.

ಪಂಪ್ ಒಳಗೆ ರಬ್ಬರಿನ ಎಸಳುಗಳ ಒಂದು ಚಕ್ರ ಇದೆ. ಹೆಸರು ಇಂಪೆಲ್ಲರ್. ಅದಕ್ಕೆ ಜಾರಲು ಬೇಕಾದ ನುಣುಪು ಕೊಡುವುದೂ ನೀರೇ. ನೀರಿಲ್ಲದೆ ತಿರುಗಿದರೆ ರಬ್ಬರ್ ಉಜ್ಜಿ ಬಿಸಿಯಾಗಿ, ಒಂದು ನಿಮಿಷದೊಳಗೇ ಹಾಳಾಗಬಹುದು. "ಸುಮ್ಮನೆ ಸೌಂಡ್ ಕೇಳೋಣ" ಎಂದು ದಡದ ಮೇಲೆ ಚಾಲೂ ಮಾಡುವುದು ಇದೇ ಕಾರಣಕ್ಕೆ ದುಬಾರಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ದಡದಲ್ಲಿದ್ದ ಇಂಜಿನ್‌ನಲ್ಲಿ ಎಸಳುಗಳು ಒಂದೇ ಕಡೆ ಬಾಗಿ ಸೆಟೆದಿರುತ್ತವೆ.

ಇಂಪೆಲ್ಲರ್ ಬದಲಿಸುವ ಅವಧಿ ಇಂಜಿನ್‌ನ ಪುಸ್ತಕದಲ್ಲಿ ಇರುತ್ತದೆ. ಮರಳು, ಕೆಸರು ಇರುವ ನೀರಿನಲ್ಲಿ ಓಡುವ ದೋಣಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡುವುದು ಲೇಸು. ಬಿಚ್ಚಿದಾಗ ಒಂದು ಎಸಳು ಮುರಿದಿದ್ದರೆ ಹೊಸದು ಹಾಕಿ ಸುಮ್ಮನಾಗಬೇಡಿ. ಮುರಿದ ತುಂಡು ಎಲ್ಲಿ ಹೋಯಿತು ಎಂದು ಹುಡುಕಿ. ಅದು ಮೇಲಿನ ನೀರಿನ ದಾರಿಯಲ್ಲಿ ಸಿಕ್ಕಿಕೊಂಡಿದ್ದರೆ ಹೊಸ ಪಂಪ್ ಇದ್ದೂ ಇಂಜಿನ್ ಕಾಯುತ್ತದೆ.

ಧಾರೆ ಇದ್ದಕ್ಕಿದ್ದಂತೆ ನಿಂತರೆ ಮೊದಲು ಇಂಜಿನ್ ಆಫ್ ಮಾಡಿ. ಹೊರಬರುವ ತೂತಿನಲ್ಲಿ ಉಪ್ಪು ಅಥವಾ ಕಸ ಕಟ್ಟಿರುವುದು ಸಾಮಾನ್ಯ. ದಪ್ಪ ನೈಲಾನ್ ದಾರ ತೂರಿಸಿ ಬಿಡಿಸಬಹುದು. ಹಾಗೂ ಬರದಿದ್ದರೆ, ಅಥವಾ ನೀರಿನ ಬದಲು ಹಬೆ ಬರುತ್ತಿದ್ದರೆ, ಮತ್ತೆ ಚಾಲೂ ಮಾಡುವಂತಿಲ್ಲ.

ಮಾತು 2: "ಆಸಿಡ್ ಹಾಕಿದರೆ ಒಳಗಿನ ಉಪ್ಪು ಕರಗುತ್ತದೆ"

ತಪ್ಪು, ಅಪಾಯಕಾರಿ.

ಶೌಚಾಲಯ ತೊಳೆಯುವ ಹಲವು ದ್ರಾವಣಗಳಲ್ಲಿ ಇರುವುದು ಹೈಡ್ರೋಕ್ಲೋರಿಕ್ ಆಮ್ಲ. ಅದು ಉಪ್ಪಿನ ಪದರವನ್ನು ಕರಗಿಸುವುದು ನಿಜ. ಆದರೆ ಔಟ್‌ಬೋರ್ಡ್ ಇಂಜಿನ್‌ನ ಬಹುಪಾಲು ಅಲ್ಯೂಮಿನಿಯಂ. ಈ ಆಮ್ಲ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ. ಆ ಅನಿಲಕ್ಕೆ ಒಂದು ಕಿಡಿ ಸಾಕು.

ಉಪ್ಪು ಕಟ್ಟಿದ ಮೇಲೆ ಕರಗಿಸುವುದಕ್ಕಿಂತ ಕಟ್ಟದಂತೆ ನೋಡಿಕೊಳ್ಳುವುದು ಸುಲಭ. ಪ್ರತಿ ಸಲ ದಡಕ್ಕೆ ಬಂದ ಮೇಲೆ ಹತ್ತು ಹದಿನೈದು ನಿಮಿಷ ಸಿಹಿನೀರು ಹರಿಸಿ. ಅದಕ್ಕೆ ಎರಡು ದಾರಿ ಇವೆ. ನೀರು ಎಳೆಯುವ ಜಾಗಕ್ಕೆ ರಬ್ಬರ್ ಕಿವಿಮುಚ್ಚುಗದಂಥ ಕ್ಲಿಪ್ ಹಾಕಿ ಪೈಪ್ ಜೋಡಿಸಬಹುದು. ಇಲ್ಲವೇ ಇಂಜಿನ್‌ನ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಇಳಿಸಿ ನಿಧಾನ ವೇಗದಲ್ಲಿ ಓಡಿಸಬಹುದು. ಡ್ರಮ್ಮಿನಲ್ಲಿ ಓಡಿಸುವಾಗ ಫ್ಯಾನ್ ಬಿಚ್ಚಿಡಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಕೆಲವು ಇಂಜಿನ್‌ಗಳಿಗೆ ತೊಳೆಯಲೆಂದೇ ಪೈಪಿನ ಬಾಯಿ ಕೊಟ್ಟಿರುತ್ತಾರೆ. ಅದನ್ನು ಇಂಜಿನ್ ಆಫ್ ಇದ್ದಾಗ ಬಳಸಬೇಕೋ ಆನ್ ಇದ್ದಾಗಲೋ ಎಂದು ಪುಸ್ತಕದಲ್ಲಿ ನೋಡಿಕೊಳ್ಳಿ.

ಹಳೆಯ ಉಪ್ಪಿನ ಪದರಕ್ಕೆ ಔಟ್‌ಬೋರ್ಡ್‌ಗೆಂದೇ ಮಾಡಿದ ತೊಳೆಯುವ ದ್ರಾವಣಗಳು ಸಿಗುತ್ತವೆ. ಅದರಿಂದಲೂ ಆಗದಿದ್ದರೆ ಮುಚ್ಚಳ ಬಿಚ್ಚಿ ಕೆರೆಯಬೇಕು. ಅದು ಮೆಕ್ಯಾನಿಕ್ ಕೆಲಸ.

ಮಾತು 3: "ಆಯಿಲ್ ಜಾಸ್ತಿ ಹಾಕಿದಷ್ಟು ಇಂಜಿನ್‌ಗೆ ಒಳ್ಳೆಯದು"

ತಪ್ಪು.

ಎರಡು ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲಿನ ಜೊತೆಯಲ್ಲೇ ಆಯಿಲ್ ಹೋಗುತ್ತದೆ. ಎಷ್ಟೋ ಔಟ್‌ಬೋರ್ಡ್‌ಗಳಿಗೆ ಹೇಳುವ ಅಳತೆ 50ಕ್ಕೆ 1. ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್. ಕೆಲವಕ್ಕೆ 100ಕ್ಕೆ 1. ನಿಮ್ಮ ಇಂಜಿನ್‌ನ ಅಳತೆ ಅದರ ಪುಸ್ತಕದಲ್ಲೇ ನೋಡಬೇಕು.

ಆಯಿಲ್ ಹೆಚ್ಚಾದರೆ ಏನಾಗುತ್ತದೆ? ಕಾರ್ಬೊರೇಟರಿನ ತೂತು ಅಷ್ಟೇ ಇರುತ್ತದೆ. ಅದರೊಳಗೆ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ. ಜೊತೆಗೆ ಸುಡದ ಆಯಿಲ್ ಪ್ಲಗ್ ಮೇಲೆ ಕಪ್ಪಾಗಿ ಕೂರುತ್ತದೆ, ಪಿಸ್ಟನ್ ರಿಂಗ್ ಅಂಟಿಕೊಳ್ಳುತ್ತದೆ. ಬೆಳಗ್ಗೆ ಹಗ್ಗ ಎಳೆದೂ ಎಳೆದೂ ಕೈ ಸೋಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಆಯಿಲ್ ಕಡಿಮೆಯಾದರೆ ಇನ್ನೂ ಕೆಟ್ಟದ್ದು, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹಾಗಾಗಿ ಕಣ್ಣಳತೆ ಬೇಡ. ಗುರುತು ಇರುವ ಲೋಟ ಬಳಸಿ.

ಬೈಕಿನ 2ಟಿ ಆಯಿಲ್ ಹಾಕಬಹುದೇ ಎನ್ನುವುದು ಇನ್ನೊಂದು ಪ್ರಶ್ನೆ. ಬೈಕ್ ಆಯಿಲ್ ಹೆಚ್ಚು ಬಿಸಿಯಾಗುವ, ಗಾಳಿಯಲ್ಲಿ ತಣಿಯುವ ಇಂಜಿನ್‌ಗೆ ಮಾಡಿದ್ದು. ಅದರಲ್ಲಿ ಬೂದಿ ಉಳಿಸುವ ಲೋಹದ ಅಂಶಗಳಿರಬಹುದು. ನೀರಿನಲ್ಲಿ ತಣಿಯುವ ದೋಣಿ ಇಂಜಿನ್ ಅಷ್ಟು ಬಿಸಿಯಾಗುವುದಿಲ್ಲ. ಅದರಲ್ಲಿ ಆ ಬೂದಿ ಪ್ಲಗ್ ಮತ್ತು ಪಿಸ್ಟನ್ ತಲೆಯ ಮೇಲೆ ಸೇರಿಕೊಳ್ಳುತ್ತದೆ. ದೋಣಿಗೆ ಬೇಕಾದ ಆಯಿಲ್ ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂಬ ಗುರುತು ಇರುತ್ತದೆ. ಅದನ್ನು ನೋಡಿಯೇ ಕೊಳ್ಳಿ.

ಮಾತು 4: "ಈಗಿನ ಪೆಟ್ರೋಲ್ ಟ್ಯಾಂಕಿನಲ್ಲಿ ನೀರಾಗಿಬಿಡುತ್ತದೆ"

ಅರ್ಧ ನಿಜ.

ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಇದ್ದ ಮಾತ್ರಕ್ಕೆ ಪೆಟ್ರೋಲ್ ತಾನೇ ನೀರಾಗುವುದಿಲ್ಲ. ಆದರೆ ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಅದರಲ್ಲಿ ಕರಗಿಯೇ ಇರುತ್ತದೆ. ಮಿತಿ ಮೀರಿದರೆ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಇಂಜಿನ್‌ಗೆ ಪೆಟ್ರೋಲ್ ಎಳೆಯುವ ಪೈಪ್ ಇರುವುದೂ ತಳದಲ್ಲೇ.

ಕಾರಿನ ಟ್ಯಾಂಕಿಗೆ ನೀರು ಹೋಗುವುದು ಅಪರೂಪ. ದೋಣಿಯ ಟ್ಯಾಂಕಿಗೆ ಮುಚ್ಚಳ ಸಡಿಲವಾಗಿದ್ದರೆ ಒಂದು ಅಲೆ, ಒಂದು ಮಳೆ ಸಾಕು. ನಿಂತ ನೀರಿನಲ್ಲಿ ಚೆನ್ನಾಗಿ ಓಡಿದ ಇಂಜಿನ್ ಅಲೆಗೆ ಟ್ಯಾಂಕ್ ಅಲುಗಿದ ಕೂಡಲೇ ಉಸಿರು ಕಟ್ಟಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಎಥನಾಲ್‌ನ ಎರಡನೆಯ ತೊಂದರೆ ಹಳೆಯ ಪೈಪುಗಳದ್ದು. ಹಳೆಯ ರಬ್ಬರ್ ಪೈಪ್, ಕೈಪಂಪಿನ ಉಂಡೆ, ಕಾರ್ಬೊರೇಟರಿನ ಸೀಲ್‌ಗಳು ಎಥನಾಲ್‌ಗೆ ಮೆತ್ತಗಾಗಬಹುದು, ಬಿರುಕು ಬಿಡಬಹುದು. ಫೈಬರಿನಲ್ಲೇ ಮಾಡಿದ ಹಳೆಯ ಪೆಟ್ರೋಲ್ ಟ್ಯಾಂಕ್ ಇದ್ದರೆ ಅದರ ರಾಳವೂ ಕರಗಬಹುದು. ಹೆಸರುವಾಸಿ ಔಟ್‌ಬೋರ್ಡ್ ಕಂಪನಿಗಳು ಸಾಮಾನ್ಯವಾಗಿ ಒಪ್ಪುವುದು ಶೇಕಡಾ 10ರವರೆಗಿನ ಎಥನಾಲ್ ಅನ್ನು.

ನೀವು ಮಾಡಬಹುದಾದದ್ದು ಇಷ್ಟು. ಎಥನಾಲ್ ತಡೆಯುವ ಹೊಸ ಪೈಪ್ ಹಾಕಿ. ಟ್ಯಾಂಕ್ ಮತ್ತು ಇಂಜಿನ್ ನಡುವೆ ನೀರು ಬೇರ್ಪಡಿಸುವ ಫಿಲ್ಟರ್ ಕೂರಿಸಿ. ತಿಂಗಳುಗಟ್ಟಲೆ ಪೆಟ್ರೋಲ್ ಇಟ್ಟುಕೊಳ್ಳಬೇಡಿ. ಅನುಮಾನ ಬಂದರೆ ಬಯಲಿನಲ್ಲಿ, ಬೆಂಕಿಯಿಂದ ದೂರ, ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಸ್ವಲ್ಪ ಹೊತ್ತು ಇಡಿ. ಎರಡು ಪದರ ಕಂಡರೆ ಆ ಪೆಟ್ರೋಲ್ ಬಳಸಬೇಡಿ.

ಮಾತು 5: "ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದರೆ ಖರ್ಚು ಉಳಿಯುತ್ತದೆ"

ಎಲ್ಲ ಇಂಜಿನ್‌ಗೂ ಅಲ್ಲ.

ಕರಾವಳಿಯ ಎಷ್ಟೋ ನಾಡದೋಣಿಗಳು ಸೀಮೆಎಣ್ಣೆಯಲ್ಲೇ ಓಡುತ್ತವೆ. ಅದಕ್ಕೆ ಸರ್ಕಾರದ ಸಹಾಯಧನವೂ ಇದೆ. ಆದರೆ ಆ ಇಂಜಿನ್‌ಗಳು ಸೀಮೆಎಣ್ಣೆಗೆಂದೇ ಮಾಡಿದವು. ಅವುಗಳಲ್ಲಿ ಒಳಗಿನ ಒತ್ತಡ ಕಡಿಮೆ ಇರುತ್ತದೆ. ಸೀಮೆಎಣ್ಣೆಯ ಆಕ್ಟೇನ್ ಕಡಿಮೆ. ಹೆಚ್ಚು ಒತ್ತಡದ ಪೆಟ್ರೋಲ್ ಇಂಜಿನ್‌ನಲ್ಲಿ ಅದು ಹೊತ್ತಿಗೆ ಮುಂಚೆಯೇ ಹೊತ್ತಿಕೊಂಡು ಟಕಟಕ ಬಡಿಯುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್‌ಗೆ ತೂತು ಬೀಳಬಹುದು.

ಸೀಮೆಎಣ್ಣೆ ಇಂಜಿನ್ ಇದ್ದವರಿಗೂ ಒಂದು ನಿಯಮ ಇದೆ. ಸೀಮೆಎಣ್ಣೆ ತಣ್ಣಗಿದ್ದಾಗ ಸರಿಯಾಗಿ ಆವಿಯಾಗುವುದಿಲ್ಲ. ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುಗಿಸಿ ಸ್ವಲ್ಪ ಹೊತ್ತು ಓಡಿಸಬೇಕು. ಈ ಕೊನೆಯ ಹೆಜ್ಜೆ ಮರೆತರೆ ಕಾರ್ಬೊರೇಟರಿನಲ್ಲಿ ಸೀಮೆಎಣ್ಣೆ ಉಳಿಯುತ್ತದೆ. ಮುಂದಿನ ಸಲ ಎಷ್ಟು ಹಗ್ಗ ಎಳೆದರೂ ಇಂಜಿನ್ ಮಾತಾಡುವುದಿಲ್ಲ.

ಮಾತು 6: "ದೊಡ್ಡ ಫ್ಯಾನ್, ದೊಡ್ಡ ಇಂಜಿನ್ ಹಾಕಿದರೆ ವೇಗ ಹೆಚ್ಚುತ್ತದೆ"

ಬಹುಪಾಲು ತಪ್ಪು.

ಫ್ಯಾನಿಗೆ ಎರಡು ಅಳತೆ ಇವೆ. ಒಂದು ಅಗಲ, ಇನ್ನೊಂದು ಪಿಚ್. ಫ್ಯಾನ್ ಒಂದು ಸುತ್ತು ತಿರುಗಿದಾಗ ಜಾರದೆ ಎಷ್ಟು ಮುಂದೆ ಹೋಗಬಹುದು ಎನ್ನುವುದೇ ಪಿಚ್. ಪಿಚ್ ಒಂದು ಇಂಚು ಹೆಚ್ಚಿಸಿದರೆ ಇಂಜಿನ್‌ನ ಸುತ್ತು ನಿಮಿಷಕ್ಕೆ ಸುಮಾರು 150ರಿಂದ 200ರಷ್ಟು ಇಳಿಯುತ್ತದೆ. ಹಳೆಯ ಇಂಜಿನ್‌ಗೆ ದೊಡ್ಡ ಪಿಚ್ ಹಾಕುವುದು ಬೈಕನ್ನು ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದಂತೆ. ಇಂಜಿನ್ ಏದುಸಿರು ಬಿಡುತ್ತದೆ, ಬಿಸಿಯಾಗುತ್ತದೆ, ವೇಗವೂ ಬರುವುದಿಲ್ಲ. ಎಂದಿನ ಜನ, ಎಂದಿನ ಬಲೆ ಇಟ್ಟುಕೊಂಡು ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಸುತ್ತು ಪುಸ್ತಕದಲ್ಲಿ ಹೇಳಿದ ಮಿತಿಯೊಳಗೆ ಬರಬೇಕು. ಅದು ಸರಿಯಾದ ಫ್ಯಾನ್.

ದೊಡ್ಡ ಇಂಜಿನ್‌ನ ವಿಷಯವೂ ಹಾಗೇ. ನೀರಿನ ಮೇಲೆ ಎದ್ದು ಜಾರದೆ, ನೀರನ್ನು ಸೀಳಿಕೊಂಡು ಹೋಗುವ ಭಾರದ ದೋಣಿಗೆ ಅದರ ಉದ್ದವೇ ವೇಗದ ಮಿತಿ ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್‌ನಲ್ಲಿ ಸಿಗುತ್ತದೆ. 25 ಅಡಿ ದೋಣಿಗೆ ಅದು 6.7 ನಾಟ್, ಗಂಟೆಗೆ ಸುಮಾರು 12 ಕಿಲೋಮೀಟರ್. ಅದಕ್ಕಿಂತ ಹೆಚ್ಚು ಶಕ್ತಿ ಕೊಟ್ಟರೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ. ಹಿಂಭಾಗ ಕುಸಿಯುತ್ತದೆ, ಎಣ್ಣೆ ಸುಮ್ಮನೆ ಉರಿಯುತ್ತದೆ.

ತೂಕವನ್ನೂ ಲೆಕ್ಕ ಹಾಕಿ. ಅದೇ ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಇಂಜಿನ್ ಹಳೆಯ ಎರಡು ಸ್ಟ್ರೋಕ್‌ಗಿಂತ ಸಾಮಾನ್ಯವಾಗಿ ಹೆಚ್ಚು ಭಾರ. ಹಿಂಬದಿಯ ಹಲಗೆ ಅದನ್ನು ಹೊರಬೇಕು, ಹಿಂದಿನಿಂದ ಬರುವ ಅಲೆಯೂ ಒಳಗೆ ಬರಬಾರದು. ನೋಂದಣಿಯಾದ ದೋಣಿಯ ಇಂಜಿನ್ ಬದಲಿಸಿದರೆ ದಾಖಲೆಯಲ್ಲೂ ಬದಲಿಸಿಕೊಳ್ಳಿ.

ಮಾತು 7: "ಜಿಂಕ್ ತುಂಡು ಸವೆಯುತ್ತಿದೆ, ಪೇಂಟ್ ಬಳಿದು ಉಳಿಸಿ"

ತಪ್ಪು.

ಎರಡು ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅದೊಂದು ಬ್ಯಾಟರಿ. ಕರೆಂಟ್ ಹರಿಯುತ್ತದೆ, ಒಂದು ಲೋಹ ಕರಗುತ್ತದೆ. ಇಂಜಿನ್‌ನ ಅಲ್ಯೂಮಿನಿಯಂ ಮೈ ಕರಗದಿರಲಿ ಎಂದು ಅದಕ್ಕಿಂತ ಬೇಗ ಕರಗುವ ತುಂಡೊಂದನ್ನು ಕೂರಿಸಿರುತ್ತಾರೆ. ಅದು ಸವೆಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ ಎಂದರ್ಥ. ಪೇಂಟ್ ಬಳಿದರೆ ಅದು ಉಳಿಯುತ್ತದೆ, ಇಂಜಿನ್ ಕರಗುತ್ತದೆ. ವರ್ಷಗಟ್ಟಲೆ ಸವೆಯದೇ ಇದ್ದರೂ ಅನುಮಾನ ಪಡಬೇಕು. ಬೋಲ್ಟ್ ಜಾಗದಲ್ಲಿ ಪೇಂಟ್ ಅಥವಾ ತುಕ್ಕು ಇದ್ದು ಸಂಪರ್ಕ ತಪ್ಪಿರಬಹುದು.

ಅರ್ಧ ಸವೆದಾಗ ಬದಲಿಸಿ. ಸಮುದ್ರದಲ್ಲೇ ಓಡುವ ದೋಣಿಗೆ ಜಿಂಕ್ ಸರಿ. ಕೆರೆ, ಜಲಾಶಯದ ಸಿಹಿನೀರಿಗೆ ಮೆಗ್ನೀಷಿಯಂ. ಉಪ್ಪು ಮತ್ತು ಸಿಹಿ ಎರಡೂ ಬೆರೆಯುವ ಅಳಿವೆ, ಹಿನ್ನೀರಿಗೆ ಇದಕ್ಕೆಂದೇ ಮಾಡಿದ ಅಲ್ಯೂಮಿನಿಯಂ ತುಂಡು ಹೆಚ್ಚು ಹೊಂದುತ್ತದೆ. ಇನ್ನೊಂದು ಎಚ್ಚರಿಕೆ: ಚಿಪ್ಪು ಹತ್ತದಂತೆ ದೋಣಿಯ ತಳಕ್ಕೆ ಬಳಿಯುವ ತಾಮ್ರದ ಅಂಶದ ಪೇಂಟನ್ನು ಇಂಜಿನ್‌ನ ಅಲ್ಯೂಮಿನಿಯಂ ಕಾಲಿಗೆ ಬಳಿಯಬೇಡಿ. ತಾಮ್ರ ಅದನ್ನು ತಿಂದುಹಾಕುತ್ತದೆ.

ಮಾತು 8: "ಕಾರಿನ ಪಾರ್ಟ್ ಹಾಕಿ, ಅರ್ಧ ಬೆಲೆಗೆ ಆಗುತ್ತದೆ"

ಪೆಟ್ರೋಲ್ ಇಂಜಿನ್ ಒಳಗಿರುವ ದೋಣಿಗೆ ಇದು ಪ್ರಾಣಾಪಾಯ.

ಪೆಟ್ರೋಲಿನ ಆವಿ ಗಾಳಿಗಿಂತ ಮೂರರಿಂದ ನಾಲ್ಕು ಪಟ್ಟು ಭಾರ. ಅದು ದೋಣಿಯ ತಳಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 1.4 ದಾಟಿದರೆ ಒಂದು ಕಿಡಿಗೆ ಸ್ಫೋಟಿಸಬಹುದು. ಕಾರಿನ ಸ್ಟಾರ್ಟರ್, ಆಲ್ಟರ್ನೇಟರ್‌ಗಳ ಒಳಗೆ ಕಿಡಿ ಹಾರುವುದು ಸಹಜ. ಕಾರಿನ ಬಾನೆಟ್ ಕೆಳಗೆ ಗಾಳಿ ಆಡುವುದರಿಂದ ಅಲ್ಲಿ ತೊಂದರೆಯಿಲ್ಲ. ದೋಣಿಗೆ ಮಾಡಿದ ಭಾಗಗಳಲ್ಲಿ ಕಿಡಿ ಹೊರಗೆ ಬರದಂತೆ ಮುಚ್ಚಿರುತ್ತಾರೆ. ಬೆಲೆ ಹೆಚ್ಚಿರುವುದಕ್ಕೆ ಅದೂ ಒಂದು ಕಾರಣ.

ಅಮೆರಿಕದಲ್ಲಿ ಇಂಥ ದೋಣಿಗಳಿಗೆ ಆವಿ ಹೊರಹಾಕುವ ಫ್ಯಾನ್ ಕಡ್ಡಾಯ. ಇಂಜಿನ್ ಚಾಲೂ ಮಾಡುವ ಮುನ್ನ ಅದನ್ನು 4 ನಿಮಿಷ ಓಡಿಸಿ, ಆವಿ ಇದೆಯೇ ನೋಡಿ ಎಂದು ದೋಣಿಯಲ್ಲೇ ಬರೆದಿರುತ್ತದೆ. ನಮ್ಮಲ್ಲೂ ಪಾಲಿಸಬಹುದಾದ ಅಭ್ಯಾಸ ಅದು. ಮುಚ್ಚಳ ತೆಗೆದು ಮೂಗಿನಿಂದ ನೋಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಔಟ್‌ಬೋರ್ಡ್ ಇದ್ದವರು ಬಿಚ್ಚಿ ತೆಗೆಯುವ ಟ್ಯಾಂಕನ್ನು ದೋಣಿಯಿಂದ ಇಳಿಸಿ, ನೆಲದ ಮೇಲಿಟ್ಟು ಪೆಟ್ರೋಲ್ ತುಂಬಿಸಿ.

ವೈರಿಂಗ್ ಕೂಡ ಇದೇ ಲೆಕ್ಕ. ಮನೆಯ ವೈರ್ ತಿರುಚಿ ಟೇಪ್ ಸುತ್ತಿದರೆ ಉಪ್ಪುಗಾಳಿಗೆ ಒಳಗಿನ ತಾಮ್ರ ಹಸಿರಾಗುತ್ತದೆ. ತವರ ಲೇಪಿಸಿದ ವೈರ್ ಹಾಕಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಕೂರಿಸಿ.

ಮಾತು 9: "ಫೈಬರ್ ಒಡೆದಿದ್ದರೆ ಎಂ-ಸೀಲ್ ಹಚ್ಚಿ, ಉಳಿದದ್ದಕ್ಕೆ ಪಂಪ್ ಇದೆಯಲ್ಲ"

ದಡ ಸೇರುವವರೆಗೆ ಸರಿ, ರಿಪೇರಿ ಎಂದು ನಂಬಿದರೆ ತಪ್ಪು.

ಎಂ-ಸೀಲ್‌ನಂಥ ಮೇಣ ನೀರು ತೊಟ್ಟಿಕ್ಕುವುದನ್ನು ನಿಲ್ಲಿಸುತ್ತದೆ. ಆದರೆ ಫೈಬರ್ ದೋಣಿಗೆ ಬಲ ಬರುವುದು ಒಳಗಿನ ಗಾಜಿನ ನೂಲಿನ ಬಟ್ಟೆಯಿಂದ. ಒಡೆದ ಜಾಗದಲ್ಲಿ ಆ ನೂಲು ತುಂಡಾಗಿದೆ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಬಿರುಕಿನ ಸುತ್ತ ಅಗಲವಾಗಿ ಇಳಿಜಾರಾಗಿ ಉಜ್ಜಿ, ಪದರ ಪದರವಾಗಿ ಬಟ್ಟೆ ಮತ್ತು ರಾಳ ಹಾಕಬೇಕು. ಉಜ್ಜದೆ ಮೇಲೆ ಹಾಕಿದ ಪದರ ಮುಂದೊಂದು ದಿನ ಹಪ್ಪಳದಂತೆ ಏಳುತ್ತದೆ.

ರಾಳದ ಜೊತೆ ಎರಡು ಬಾಟಲಿ ಕೊಡುತ್ತಾರೆ. ಒಂದು ನೀಲಿ ಅಥವಾ ನೇರಳೆ ಬಣ್ಣದ ಕೋಬಾಲ್ಟ್ ಆಕ್ಸಲರೇಟರ್. ಇನ್ನೊಂದು ನೀರಿನಂಥ ಕ್ಯಾಟಲಿಸ್ಟ್, ಎಂಇಕೆಪಿ. ಇವೆರಡನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹತ್ತಬಹುದು, ಸ್ಫೋಟಿಸಬಹುದು. ಮೊದಲು ಕೋಬಾಲ್ಟನ್ನು ರಾಳದಲ್ಲಿ ಪೂರ್ತಿ ಕಲಸಿ. ಆಮೇಲೆ, ಬಳಸುವ ಹೊತ್ತಿಗೆ, ಡಬ್ಬಿಯಲ್ಲಿ ಹೇಳಿದ ಅಳತೆಯ ಕ್ಯಾಟಲಿಸ್ಟ್ ಹಾಕಿ. ಅದು ಸಾಮಾನ್ಯವಾಗಿ ಶೇಕಡಾ 1ರಿಂದ 2. ಎರಡಕ್ಕೂ ಬೇರೆ ಬೇರೆ ಚಮಚ ಇರಲಿ. ಎಂಇಕೆಪಿ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಬಾಟಲಿ ತೆರೆಯಬೇಡಿ. ಹಾರಿದರೆ ತಕ್ಷಣ ನೀರಿನಲ್ಲಿ ತೊಳೆಯುತ್ತಲೇ ಆಸ್ಪತ್ರೆಗೆ ಹೋಗಿ.

ಇನ್ನು ಪಂಪಿನ ಲೆಕ್ಕ. ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ಒಂದು ಇಂಚಿನ ತೂತು ಇದ್ದರೆ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ನುಗ್ಗುತ್ತದೆ. ಅಂದರೆ ಹೆಚ್ಚುಕಡಿಮೆ ಮೂರು ಕೊಡ. ಗಂಟೆಗೆ 500 ಗ್ಯಾಲನ್ ಎಂದು ಬರೆದ ಸಣ್ಣ ಪಂಪ್ ನಿಮಿಷಕ್ಕೆ ಎತ್ತುವುದು ಹೆಚ್ಚೆಂದರೆ 31 ಲೀಟರ್. ಪೈಪಿನ ಎತ್ತರ, ಬ್ಯಾಟರಿಯ ಬಲ ಸೇರಿದರೆ ಇನ್ನೂ ಕಡಿಮೆ. ಹಾಗಾಗಿ ದೋಣಿಯಲ್ಲಿ ತೂತು ಇರುವ ಪ್ರತಿ ಜಾಗದ ಹತ್ತಿರ ಅದಕ್ಕೆ ಹೊಂದುವ ಮರದ ಬೆಣೆಯೊಂದನ್ನು ಕಟ್ಟಿಡಿ.

ಇಂಜಿನ್ ಕೂರುವ ಹಿಂಬದಿ ಹಲಗೆಯನ್ನೂ ಮರೆಯಬೇಡಿ. ಅದರೊಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ನೀರು ಇಳಿದು ಅದು ಕೊಳೆತರೂ ಹೊರಗಿನಿಂದ ಫೈಬರ್ ಚೆನ್ನಾಗಿಯೇ ಕಾಣುತ್ತದೆ. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಕೊಳೆತಲ್ಲಿ ಮಂಕಾದ ಸದ್ದು ಬರುತ್ತದೆ. ಇಂಜಿನ್ ಹಿಡಿದು ಅಲುಗಿಸಿದಾಗ ಹಲಗೆ ಬಾಗಿದರೆ ಆ ದೋಣಿ ನೀರಿಗಿಳಿಯುವಂತಿಲ್ಲ.

ನೀವೇ ಮಾಡಬಹುದಾದ ಕೆಲಸ

- ಸಿಹಿನೀರಿನಲ್ಲಿ ತೊಳೆಯುವುದು, ಸ್ಪಾರ್ಕ್ ಪ್ಲಗ್ ಮತ್ತು ಫಿಲ್ಟರ್ ಬದಲಿಸುವುದು.
- ಪೆಟ್ರೋಲ್ ಪೈಪ್, ಕ್ಲಿಪ್, ಜಿಂಕ್ ತುಂಡು ಬದಲಿಸುವುದು.
- ವರ್ಷಕ್ಕೊಮ್ಮೆ ಗೇರ್ ಆಯಿಲ್ ಬದಲಿಸುವುದು. ಹಳೆಯ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ ಎಂದರ್ಥ.
- ಫ್ಯಾನ್ ಬಿಚ್ಚಿ ಒಳಗೆ ಸುತ್ತಿಕೊಂಡ ಬಲೆಯ ನೂಲು ತೆಗೆಯುವುದು. ಆ ಸೀಲನ್ನು ಕತ್ತರಿಸುವುದು ಹೆಚ್ಚಾಗಿ ಈ ನೂಲೇ.
- ತಿರುಗುವ ಕೀಲುಗಳಿಗೆ ಗ್ರೀಸ್ ಹಾಕುವುದು. ಡಬ್ಲ್ಯೂಡಿ-40 ನೀರು ಓಡಿಸುತ್ತದೆ, ಆದರೆ ಗ್ರೀಸ್ ಬದಲಿಗೆ ಆಗುವುದಿಲ್ಲ.

ಗೊತ್ತಿದ್ದವರಿಗೆ ಬಿಡಬೇಕಾದ ಕೆಲಸ

ಸಿಲಿಂಡರ್ ಮುಚ್ಚಳ ಬಿಚ್ಚುವುದು, ಗೇರ್‌ಬಾಕ್ಸ್ ಸೀಲ್, ದೋಣಿಯೊಳಗೇ ಕೂರಿಸಿದ ಪೆಟ್ರೋಲ್ ಟ್ಯಾಂಕ್, ಹಿಂಬದಿ ಹಲಗೆ, ನೀರಿನ ಮಟ್ಟಕ್ಕಿಂತ ಕೆಳಗಿನ ದೊಡ್ಡ ಬಿರುಕು.

ಹೊರಡುವ ಮುನ್ನ ಐದು ನಿಮಿಷ

ದೊಡ್ಡ ರಿಪೇರಿ ಆದ ಮೇಲೆ ಮೊದಲ ಓಡಾಟ ನದಿಯಲ್ಲೇ ಆಗಲಿ, ಅಳಿವೆಯ ಕಡೆ ಬೇಡ. ಅರ್ಧ ಗಂಟೆ ಓಡಿಸಿ, ನಿಲ್ಲಿಸಿ, ಬಿಸಿ ಇದ್ದಾಗಲೇ ಮತ್ತೆ ಚಾಲೂ ಆಗುತ್ತದೆಯೇ ನೋಡಿ. ಇಂಜಿನ್ ಆಫ್ ಮಾಡುವ ಹಗ್ಗವನ್ನು ಕೈಗೋ ಸೊಂಟಕ್ಕೋ ಕಟ್ಟಿಕೊಳ್ಳಿ. ಓಡಿಸುವವರು ನೀರಿಗೆ ಬಿದ್ದರೆ ಇಂಜಿನ್ ತಾನೇ ನಿಲ್ಲುತ್ತದೆ, ದೋಣಿ ಸುತ್ತಿ ಬಂದು ಅವರ ಮೇಲೆಯೇ ಹಾಯುವುದಿಲ್ಲ. ಅಮೆರಿಕದಲ್ಲಿ 2021ರ ಏಪ್ರಿಲ್‌ನಿಂದ ಸಣ್ಣ ಮೋಟಾರ್ ದೋಣಿಗಳಲ್ಲಿ ಇದರ ಬಳಕೆ ಕಡ್ಡಾಯವಾಗಿದೆ.

ಎಲ್ಲರಿಗೂ ಲೈಫ್ ಜಾಕೆಟ್, ಒಂದು ಜೊತೆ ಹುಟ್ಟು, ಹಗ್ಗ ಕಟ್ಟಿ ಸಿದ್ಧವಾಗಿಟ್ಟ ಲಂಗರು ಇರಲಿ. ಇಂಜಿನ್ ನಿಂತರೆ ಮೊದಲ ಕೆಲಸ ಹಗ್ಗ ಎಳೆಯುವುದಲ್ಲ. ಮುಂಭಾಗದಿಂದ ಲಂಗರು ಬಿಟ್ಟರೆ ದೋಣಿಯ ಮೂತಿ ಅಲೆಯ ಕಡೆ ನಿಲ್ಲುತ್ತದೆ. ಆಮೇಲೆ ಇಂಜಿನ್ ನೋಡಿ. ಸಮುದ್ರದಲ್ಲಿ ಸಹಾಯಕ್ಕೆ ಭಾರತೀಯ ಕರಾವಳಿ ಕಾವಲು ಪಡೆಯ ಉಚಿತ ಸಂಖ್ಯೆ 1554, ಕರಾವಳಿ ಭದ್ರತಾ ಸಹಾಯವಾಣಿ 1093.

ಫಾರ್ವರ್ಡ್ ಮಾಡುವ ಮುನ್ನ

ದೋಣಿಯ ಸಲಹೆ ಬಂದಾಗ ಮೂರು ಪ್ರಶ್ನೆ ಕೇಳಿ. ಇದು ದೋಣಿಯ ಇಂಜಿನ್‌ಗೆ ಹೇಳಿದ್ದೋ, ಬೈಕಿನದ್ದೋ? ಉಪ್ಪುನೀರಿನಲ್ಲೂ ನಡೆಯುತ್ತದೆಯೇ? ಕೆಟ್ಟರೆ ದಡದಲ್ಲಿ ಕೆಡುತ್ತದೆಯೇ, ಅಳಿವೆಯಲ್ಲೇ? ಮೂರಕ್ಕೂ ಸರಿಯಾದ ಉತ್ತರ ಸಿಗದಿದ್ದರೆ ಕಳುಹಿಸಬೇಡಿ. ನಿಮ್ಮ ಗುಂಪಿನಲ್ಲಿ ಅದನ್ನು ಓದಿ, ನಾಳೆ ಬೆಳಗಿನ ಜಾವ ಹಾಗೇ ಮಾಡಿಕೊಂಡು ಸಮುದ್ರಕ್ಕೆ ಹೋಗುವವರೂ ಇರಬಹುದು.